ಹಾಜರಿ ಪುಸ್ತಕದಲ್ಲಿ ಆಂಬ್ರೋಸ್ ಸತ್ತ ದಿನ

ಇಂಗ್ಲೆಂಡಿನ ಬಂದರೂರು ಟಾಪ್ಶಮ್‌ನ ಟ್ಯಾಮ್ಸಿನ್ ವಿಕರಿಗೆ ಮಗನ ವಿಷಯದಲ್ಲಿದ್ದ ದಿಗಿಲು ಊರಿಗೆಲ್ಲ ಗೊತ್ತಿತ್ತು. ಆಂಬ್ರೋಸ್ ಸೀನಿದರೆ ಕಿಟಕಿ ಮುಚ್ಚುವಳು, ಕೆಮ್ಮಿದರೆ ಒಲೆಗೆ ಎರಡು ಕೊರಡು ಹೆಚ್ಚಿಗೆ ಒಟ್ಟುವಳು. ಊಟ ಒಂದು ತುತ್ತು ಕಡಿಮೆಯಾದರೆ ಹಣೆ ಮುಟ್ಟುವಳು, ಒಂದು ತುತ್ತು ಹೆಚ್ಚಾದರೆ ಹೊಟ್ಟೆ ಮುಟ್ಟುವಳು. "ನೌಕಾಪಡೆಯೋನ ಹೆಂಡತಿ ನೀರು ಕಂಡ್ರೆ ಹೆದರೋದು, ಕಟುಕನ ಹೆಂಡತಿ ನೆತ್ತರು ಕಂಡು ಮೂರ್ಛೆ ಹೋದಂಗೆ" ಎಂದು ಬಟ್ಟೆ ಒಗೆಯುವ ವಿಲ್ಮಟ್ ಪಿಡ್ಸ್ಲಿ ಅವಳ ಮುಖಕ್ಕೇ ಹೇಳುತ್ತಿದ್ದಳು.

ಹೇಳುವ ಸಲಿಗೆ ವಿಲ್ಮಟ್‌ಗಿತ್ತು. ಟ್ಯಾಮ್ಸಿನ್ ಹುಟ್ಟಿದ್ದು ಹಾಯಿ ಹೊಲಿಯುವವನ ಮನೆಯಲ್ಲಿ. ಪಕ್ಕದ ಗೋಡೆಯಾಚೆ ವಿಲ್ಮಟ್‌ಳ ಮನೆ. ತಾಯಿಯಿಲ್ಲದ ಹುಡುಗಿಯ ತಲೆ ಬಾಚಿ, ಹೇನು ತೆಗೆದು, ದೊಡ್ಡವಳಾದಾಗ ಮಾಡಬೇಕಾದ್ದೇನೆಂದು ಕಿವಿಯಲ್ಲಿ ಹೇಳಿಕೊಟ್ಟವಳು ಅವಳೇ. ಪಾದ್ರಿಯ ತಂಗಿ ಅಕ್ಷರ ಕಲಿಸಿದ್ದರಿಂದ ಟ್ಯಾಮ್ಸಿನ್‌ಳ ಕೈಬರಹ ದುಂಡಗಿತ್ತು. ಆ ಬರಹ, ಆ ಮುಖ ಎರಡನ್ನೂ ಮೆಚ್ಚಿ ಲೆಫ್ಟಿನೆಂಟ್ ಜೋಸಯಾ ವಿಕರಿ ಅವಳನ್ನು ಮದುವೆಯಾದಾಗ ಅವಳಿಗೆ ಇಪ್ಪತ್ತು. ನದಿಯ ಮುಂದಿನ ಇಟ್ಟಿಗೆಯ ಮನೆಗೆ ಬಂದ ಮೇಲೆ ವಿಲ್ಮಟ್ ಸೋಮವಾರಕ್ಕೊಮ್ಮೆ ಹಿತ್ತಲ ಬಾಗಿಲಿನಿಂದ ಬರತೊಡಗಿದಳು, "ಅಮ್ಮಾವ್ರೇ" ಎನ್ನತೊಡಗಿದಳು. ಆ ಕರೆಯಲ್ಲಿ ಅರ್ಧ ಮರ್ಯಾದೆ, ಅರ್ಧ ಕುಚೋದ್ಯ. ಟ್ಯಾಮ್ಸಿನ್ ಮಾತ್ರ ಹಳೆಯ ರೂಢಿ ಬಿಡದೆ "ವಿಲ್ಮಟಕ್ಕ" ಎಂದೇ ಕರೆಯುತ್ತಿದ್ದಳು.

ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡ ಮನೆಯಲ್ಲಿದ್ದದ್ದು ಎಲ್ಲ ಸೇರಿ ಹದಿನಾಲ್ಕು ತಿಂಗಳು. ಉಳಿದದ್ದೆಲ್ಲ ಕಾಗದದ ಸಂಸಾರ. ಅವನು ಬರೆಯುತ್ತಿದ್ದ, ಇವಳು ಬರೆಯುತ್ತಿದ್ದಳು, ಗಾಳಿ ಮನಸ್ಸು ಮಾಡಿದಾಗ ಅವು ತಲುಪುತ್ತಿದ್ದವು.

ಆ ಬೀದಿಯಲ್ಲಿ ಅಧಿಕಾರಿಗಳ ಹೆಂಡಂದಿರು ಇನ್ನೂ ನಾಲ್ಕು ಜನ. ಚಹಾಕ್ಕೆ ಕೂತಾಗ ಅವರಾಡುತ್ತಿದ್ದದ್ದು ಮಕ್ಕಳ ಸಮುದ್ರದ ವರ್ಷಗಳ ಮಾತು. ಲೆಫ್ಟಿನೆಂಟ್ ಪರೀಕ್ಷೆಗೆ ಕೂರಬೇಕಾದರೆ ಹುಡುಗ ಆರು ವರ್ಷ ಹಡಗಿನಲ್ಲಿ ದುಡಿದಿರಬೇಕು ಎಂಬುದು ಕಟ್ಟಳೆ. ಅದಕ್ಕೆ ಅಪ್ಪಂದಿರು ಕಂಡುಕೊಂಡಿದ್ದ ಉಪಾಯವೆಂದರೆ, ತೊಟ್ಟಿಲಲ್ಲಿರುವಾಗಲೇ ಮಗುವಿನ ಹೆಸರನ್ನು ಹಡಗಿನ ಹಾಜರಿ ಪುಸ್ತಕಕ್ಕೆ ಸೇರಿಸಿಬಿಡುವುದು. ಮಗು ಮನೆಯಲ್ಲಿ ಗಿಲಕಿ ಕಚ್ಚುತ್ತಿರುತ್ತದೆ, ಪುಸ್ತಕದಲ್ಲಿ ಹಗ್ಗ ಹತ್ತುತ್ತಿರುತ್ತದೆ. ಸಿಕ್ಕಿಬಿದ್ದರೆ ಅಧಿಕಾರಿಯ ನೌಕರಿಯೇ ಹೋದೀತು. ಆದರೆ ಹಾಗೆ ನೌಕರಿ ಹೋದವನನ್ನು ಕಂಡವರು ಯಾರೂ ಇರಲಿಲ್ಲ. "ನಮ್ಮ ಹ್ಯೂಗೋದು ಒಂದು ವರ್ಷ ಸರ್ವಿಸ್ ಆಯ್ತು. ಹಲ್ಲು ಮಾತ್ರ ಇನ್ನೂ ಆರೇ" ಎಂದು ಕ್ಯಾಪ್ಟನ್ನನ ಹೆಂಡತಿಯೊಬ್ಬಳು ಹೇಳಿದಾಗ ಎಲ್ಲರೂ ನಕ್ಕಿದ್ದರು. ಟ್ಯಾಮ್ಸಿನ್ ನಗಲಿಲ್ಲ. ಅವಳು ಮನೆಗೆ ಬಂದು ಲೆಕ್ಕ ಹಾಕಿದಳು: ಕಾಗದದ ಮೇಲೆ ಎಷ್ಟು ವರ್ಷ ಕಳೆಯುತ್ತದೋ ಅಷ್ಟು ವರ್ಷ ಮಗ ನಿಜವಾದ ನೀರಿನ ಮೇಲೆ ಇರಬೇಕಾಗಿಲ್ಲ. ಆ ರಾತ್ರಿಯೇ ಗಂಡನಿಗೆ ಬರೆದಳು. ಆಂಬ್ರೋಸ್‌ಗೆ ಆಗ ನಾಲ್ಕು ವರ್ಷ.

ಸಾವಿರದ ಎಂಟುನೂರ ಎರಡನೆಯ ಇಸವಿಯ ವಸಂತದಲ್ಲಿ ಫ್ರಾನ್ಸಿನ ಜೊತೆಗಿನ ಯುದ್ಧ ನಿಂತಿತು. ಅದಕ್ಕೆ ಎಂಟು ತಿಂಗಳ ಹಿಂದೆ ಜೋಸಯಾ ವಿಕರಿ ಜಮೈಕಾದಲ್ಲಿ ಜ್ವರದಿಂದ ತೀರಿಕೊಂಡಿದ್ದ. ಅವನ ಮರದ ಪೆಟ್ಟಿಗೆ ಈಗ ಬಂತು. ಕೋಟು, ಬೂಟು, ದುರ್ಬೀನು ಎಲ್ಲವನ್ನೂ ಹಡಗಿನವರು ರೂಢಿಯಂತೆ ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ ಹರಾಜು ಹಾಕಿದ್ದರು. ಕಾಗದಪತ್ರಗಳನ್ನು ಯಾರು ಕೊಳ್ಳುತ್ತಾರೆ? ಅವು ಮಾತ್ರ ಮನೆಗೆ ಬಂದವು.

ಮೂರು ವಾರ ಅವಳು ಪೆಟ್ಟಿಗೆ ತೆರೆಯಲಿಲ್ಲ. ತೆರೆಸಿದ್ದು ಪ್ಲಿಮತ್‌ನಿಂದ ಬಂದ ಗಂಡನ ಗೆಳೆಯ ಕ್ಯಾಪ್ಟನ್ ಬ್ರೇಲಿಯ ಪತ್ರ. 'ನನ್ನ ಹಡಗಿನಲ್ಲಿ ಒಂದು ಜಾಗವಿದೆ. ಶಾಂತಿಕಾಲ, ಒಂದು ಜಾಗಕ್ಕೆ ಹತ್ತು ಹುಡುಗರು. ಆಂಬ್ರೋಸ್ ತಂದೆಯ ಪುಸ್ತಕದಲ್ಲಿ ಕಳೆದ ವರ್ಷಗಳ ದಾಖಲೆ ತಂದರೆ ಅವನನ್ನೇ ತೆಗೆದುಕೊಳ್ಳುವುದು ಸುಲಭ.' ಹನ್ನೊಂದಾದ ಹುಡುಗ ಅದನ್ನು ಕೇಳಿ ಮನೆಯೆಲ್ಲ ಕುಣಿದ. ಅವಳಿಗೆ ಅವನನ್ನು ನೀರಿಗೆ ಕಳಿಸಲು ಮನಸ್ಸಿರಲಿಲ್ಲ. ಆದರೂ ತಂದೆಯಿಲ್ಲದ ಹುಡುಗ. ಈ ಜಾಗ ತಪ್ಪಿದರೆ ಇನ್ನೊಂದಿಲ್ಲ.

ಒಂದು ಸೋಮವಾರ ಬೆಳಗ್ಗೆ, ಹಿತ್ತಲಲ್ಲಿ ವಿಲ್ಮಟ್ ಬೂದಿನೀರಿನಲ್ಲಿ ಹೊದಿಕೆಗಳನ್ನು ಕುಕ್ಕುತ್ತಿದ್ದಾಗ, ಟ್ಯಾಮ್ಸಿನ್ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಡಾಂಬರು, ಬೂಷ್ಟು, ತಂಬಾಕು ವಾಸನೆ. ದಿನಚರಿಗಳು, ಆಜ್ಞೆಗಳ ನಕಲು, ಯಾವುದೋ ಕರಾವಳಿಯ ಪೆನ್ಸಿಲ್ ಚಿತ್ರ, ಹುರಿಯಿಂದ ಬಿಗಿದ ಅವಳವೇ ಪತ್ರಗಳ ಕಟ್ಟು. ಅಡಿಯಲ್ಲಿ 'ಡ್ಯಾಬ್‌ಚಿಕ್' ಹಡಗಿನ ಹಾಜರಿ ಪುಸ್ತಕದ ನಕಲು. ಜೋಸಯಾ ಮೊದಲ ಬಾರಿಗೆ ತಾನೇ ನಡೆಸಿದ ಸಣ್ಣ ಯುದ್ಧಹಡಗು ಅದು.

ಹೆಸರು ನಲವತ್ಮೂರನೆಯ ಸಾಲಿನಲ್ಲಿತ್ತು. ಆಂಬ್ರೋಸ್ ವಿಕರಿ, ಟಾಪ್ಶಮ್. ಅವಳ ಬೆರಳು ಸಾಲಿನುದ್ದಕ್ಕೂ ಸರಿದು ಕೊನೆಯ ಅಂಕಣಕ್ಕೆ ಬಂದು ನಿಂತಿತು. ಅಲ್ಲಿ ಎರಡು 'ಡಿ'.

ಒಂದು 'ಡಿ' ಎಂದರೆ ಹಡಗಿನಿಂದ ಬಿಡುಗಡೆ. 'ಆರ್' ಎಂದರೆ ಓಡಿಹೋದವನು. ಎರಡು 'ಡಿ' ಎಂದರೆ ಸತ್ತು ಬಿಡುಗಡೆ. ಆ ಊರಿನಲ್ಲಿ ಓದಲು ಬಾರದ ಹೆಂಗಸರಿಗೂ ಈ ಮೂರು ಗುರುತು ಗೊತ್ತು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ: '೯ ಅಕ್ಟೋಬರ್ ೧೭೯೮. ಕೂವೆಮರದ ಮೇಲಿಂದ ಬಿದ್ದು.'

ಅವಳು ಕಿಟಕಿಗೆ ಓಡಿದಳು. ಆಂಬ್ರೋಸ್ ಬೀದಿಯಲ್ಲಿದ್ದ, ಕಡಲಹಕ್ಕಿಗೆ ಕಲ್ಲೆಸೆಯುತ್ತಿದ್ದ. ಅವಳು ಹೊರಗೆ ಹೋಗಿ ಅವನ ತೋಳು ಹಿಡಿದಳು.

"ಏನಮ್ಮಾ?"

"ಏನಿಲ್ಲ."

"ಮತ್ತೆ ಬಿಡು, ನೋಯ್ತಿದೆ."

ಬಿಟ್ಟಳು. ಒಳಗೆ ಬಂದು ಮತ್ತೆ ಓದಿದಳು. ಅಕ್ಷರ ಗಂಡನದೇ. ತೊಂಬತ್ತೆಂಟರ ಅಕ್ಟೋಬರ್ ಅವಳಿಗೆ ಚೆನ್ನಾಗಿ ನೆನಪಿತ್ತು. ಆಂಬ್ರೋಸ್‌ಗೆ ದಡಾರ ಎದ್ದಿದ್ದ ತಿಂಗಳು ಅದು. ಮೂರು ರಾತ್ರಿ ಅವನು ಕಣ್ಣು ತೆರೆದಿರಲಿಲ್ಲ. ನಾಲ್ಕನೆಯ ದಿನ ಗಂಜಿ ಕೇಳಿದ್ದ. ಮೈಲಿಗಟ್ಟಲೆ ಆಚೆ, ಅದೇ ವಾರದಲ್ಲಿ, ಅವನ ಅಪ್ಪನೇ ಅವನನ್ನು ಸತ್ತನೆಂದು ಬರೆದಿದ್ದ.

"ಅಮ್ಮಾವ್ರೇ, ಪುರುಸೊತ್ತಿದ್ಯಾ?"

ವಿಲ್ಮಟ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಪೆಟ್ಟಿಗೆ ತೆಗೆದ್ರಾ? ಒಳ್ಳೇದಾಯ್ತು. ನಂದೊಂದು ಕೆಲಸ ಇದೆ ಅದರಲ್ಲಿ. ಯುದ್ಧ ಮುಗೀತಲ್ಲ, ಓಡಿಹೋದ ಹುಡುಗರನ್ನೆಲ್ಲ ರಾಜರು ಮಾಫಿ ಮಾಡ್ತಾರಂತೆ. ಅರ್ಜಿ ಹಾಕ್ಬೇಕಂತೆ, ಓಡಿದ ತಾರೀಕು ಬೇಕಂತೆ. ಪುಸ್ತಕದಲ್ಲಿ ನಮ್ಮ ಡಿಗರಿ ಹೆಸರು ನೋಡಿ ಹೇಳಿ."

ವಿಲ್ಮಟ್‌ಳ ಒಬ್ಬನೇ ಮಗ ಡಿಗರಿ. ಹನ್ನೊಂದು ವರ್ಷಕ್ಕೆ ಡ್ಯಾಬ್‌ಚಿಕ್ ಹತ್ತಿದವನು. ಸೇರಿಸಿಕೊಳ್ಳಿ ಎಂದು ಗಂಡನಿಗೆ ಹೇಳಿದ್ದವಳು ಟ್ಯಾಮ್ಸಿನ್. ಮರುವರ್ಷವೇ ಅವನು ಹಡಗು ಬಿಟ್ಟು ಓಡಿದನೆಂದು ಪ್ಲಿಮತ್‌ನ ನೌಕಾಪಡೆ ಕಚೇರಿಯಲ್ಲಿ ಹೇಳಿದ್ದರು. ಅಂದಿನಿಂದ ವಿಲ್ಮಟ್ ಬೀದಿಯಲ್ಲಿ ತಲೆ ಎತ್ತಿ ನಡೆದಿರಲಿಲ್ಲ. ಆದರೂ ಎಕ್ಸೆಟರ್‌ನಲ್ಲಿದ್ದ ಮಗಳ ಮನೆಗೆ ಹೋಗಿ ಇರಲೂ ಒಪ್ಪಿರಲಿಲ್ಲ. "ಬಡ್ಡಿಮಗ ಕದ್ದುಮುಚ್ಚಿ ಬಂದ್ರೆ ಬಾಗಿಲು ತೆಗೆಯೋರು ಬೇಡ್ವಾ?"

ಟ್ಯಾಮ್ಸಿನ್ ಹಾಳೆ ಮಗುಚಿದಳು. ಐವತ್ತೊಂದನೆಯ ಸಾಲು. "ಜೂನ್ ಹದಿನೆಂಟು, ತೊಂಬತ್ತೇಳು. ಶೀರ್ನೆಸ್ ಬಂದರಿನಲ್ಲಿ. ಆರ್ ಅಂತಿದೆ."

"ಇರುತ್ತೆ ಬಿಡಿ. ತಾರೀಕು ಒಂದು ಚೀಟೀಲಿ ಬರ್ದಿಡಿ. ಬಟ್ಟೆ ಹಿಂಡಿ ಬರ್ತೀನಿ, ಅರ್ಜಿ ಬರೆಯೋಣ." ಹೋದವಳು ಮತ್ತೆ ಇಣುಕಿದಳು. "ಯಾಕೆ ಮುಖ ಸುಣ್ಣ ಬಳಿದಂಗಿದೆ? ಯಜಮಾನ್ರ ಕಾಗದ ಓದಿ ಅತ್ರಾ?"

"ಇಲ್ಲ ವಿಲ್ಮಟಕ್ಕ."

"ಅಳಬಾರದು ಅಂತೇನಿಲ್ಲ" ಎಂದು ಅವಳು ಹಿತ್ತಲಿಗೆ ನಡೆದಳು.

ದಿನಚರಿಗಳ ನಡುವೆ ಚರ್ಮದ ರಟ್ಟಿನ ಒಂದು ಕಿಸೆಪುಸ್ತಕವಿತ್ತು. ಮೇಲಧಿಕಾರಿಗಳಿಗೆ ತೋರಿಸುವ ದಿನಚರಿ ಬೇರೆ, ಇದು ಬೇರೆ. ಟ್ಯಾಮ್ಸಿನ್ ತೊಂಬತ್ತೇಳರ ಪುಟಗಳನ್ನು ಹುಡುಕಿದಳು. ಮೇ ತಿಂಗಳ ಕೊನೆಯಲ್ಲಿ ಸಿಕ್ಕಿತು.

'ಬಂದರಿನ ಗುಮಾಸ್ತ ಹೇಳದೆ ಕೇಳದೆ ಹಾಜರಿಗೆ ಬಂದ. ಒಬ್ಬೊಬ್ಬರೂ ಎದುರಿಗೆ ಬಂದು ಓಗೊಡಬೇಕು. ನಲವತ್ಮೂರು ಕೂಗಿದ. ಪಿಡ್ಸ್ಲಿ ಹುಡುಗ ನನ್ನ ಪಕ್ಕದಲ್ಲಿದ್ದ. ಮೊಣಕೈಯಿಂದ ತಿವಿದೆ. ಚುರುಕು ಹುಡುಗ, "ಇದ್ದೀನಿ ಸಾರ್" ಅಂದ. ಐವತ್ತೊಂದು ಕೂಗಿದಾಗ ನನ್ನ ಮುಖ ನೋಡಿದ. ದಡಕ್ಕೆ ಹೋಗಿದ್ದಾನೆ ಎಂದೆ.'

ಗುಮಾಸ್ತನಿಗೆ ಅನುಮಾನ ಬಂದಿರಬೇಕು. ಮುಂದಿನ ವಾರ ಬಂದ, ಅದರ ಮುಂದಿನ ವಾರವೂ ಬಂದ. ಮೂರು ಹಾಜರಿ ತಪ್ಪಿದವನು ಓಡಿದವನೆಂದೇ ಲೆಕ್ಕ. ಗುಮಾಸ್ತ ಡಿಗರಿಯ ಹೆಸರಿನ ಮುಂದೆ ತನ್ನ ಕೈಯಿಂದಲೇ 'ಆರ್' ಬರೆದ. ಡಿಗರಿ ಆಗ ಹತ್ತಡಿ ದೂರದಲ್ಲಿ ಹಗ್ಗ ಸುತ್ತುತ್ತಿದ್ದ.

'ಪ್ಲಿಮತ್ ಮುಟ್ಟಿದ ಮೇಲೆ ಸರಿಪಡಿಸುತ್ತೇನೆ ಎಂದು ಹುಡುಗನಿಗೆ ಹೇಳಿದೆ. "ಈಗ ನಾನು ತಮ್ಮ ಮಗ ಅಲ್ವಾ ಸಾರ್, ಭಾನುವಾರ ಎರಡನೇ ಸಲ ಪುಡಿಂಗ್ ಸಿಗುತ್ತಾ?" ಎಂದ. ಕೊಡಿಸಿದೆ.'

ಪ್ಲಿಮತ್ ಬಂತು, ಹೋಯಿತು. ಸರಿಪಡಿಸಬೇಕಾದರೆ ಮನೆಯಲ್ಲಿರುವ ಮಗನ ಹೆಸರನ್ನು ಪುಸ್ತಕಕ್ಕೆ ಸೇರಿಸಿದ್ದನ್ನು ಒಪ್ಪಿಕೊಳ್ಳಬೇಕಿತ್ತು. ಜೋಸಯಾ ಒಪ್ಪಿಕೊಳ್ಳಲಿಲ್ಲ. ಮುಂದೂಡಿದ. ಡಿಗರಿ ಆಂಬ್ರೋಸ್‌ನ ಹೆಸರಿಗೇ ಓಗೊಡುತ್ತ ಉಳಿದ. ಟ್ಯಾಮ್ಸಿನ್ ಪುಟ ತಿರುವುತ್ತ ಹೋದಳು. ಯಾವ ಪುಟಕ್ಕೆ ಹೋಗುತ್ತಿದ್ದೇನೆಂದು ಅವಳಿಗೆ ಗೊತ್ತಾಗಿತ್ತು, ಬೆರಳು ಮಾತ್ರ ನಿಲ್ಲಲಿಲ್ಲ.

'೯ ಅಕ್ಟೋಬರ್. ನಾರ್ವೆ ತೀರದ ಆಚೆ. ಬೆಳಗಿನ ಜಾವ ಹಾಯಿ ಸುತ್ತುವಾಗ ಹುಡುಗ ಬಿದ್ದ. ಕೂಗಲೂ ಇಲ್ಲ. ಹನ್ನೊಂದು ಗಂಟೆಗೆ ನೀರಿಗೆ ಕೊಟ್ಟೆವು. ಪ್ರಾರ್ಥನೆ ನಾನೇ ಓದಿದೆ. ಹೆಸರು ಹೇಳುವ ಜಾಗ ಬಂತು. ಪುಸ್ತಕದಲ್ಲಿದ್ದ ಹೆಸರು ಹೇಳಿದೆ.'

ಆ ಪುಟದ ಹಿಂದೆ ಮಡಿಸಿಟ್ಟ ಮೂರು ಹಾಳೆಗಳು. ಮೂರರಲ್ಲೂ 'ಶ್ರೀಮತಿ ಪಿಡ್ಸ್ಲಿಯವರಿಗೆ' ಎಂದಿತ್ತು. ಒಂದರಲ್ಲಿ ಎರಡು ಸಾಲು, ಒಂದರಲ್ಲಿ ಅರ್ಧ ಸಾಲು. ಮೂರನೆಯದರಲ್ಲಿ ಹೆಸರು ಬಿಟ್ಟರೆ ಏನೂ ಇರಲಿಲ್ಲ.

ಟ್ಯಾಮ್ಸಿನ್ ನೆಲದ ಮೇಲೆ ಕುಳಿತೇ ಇದ್ದಳು. ತನ್ನ ಮಗನ ಹೆಸರು ಕೂಗಿ ಒಂದು ಹೆಣವನ್ನು ನೀರಿಗೆ ಬಿಟ್ಟಿದ್ದರು. ಸಾವು ಬಂದು ಹೆಸರು ಹಿಡಿದು ಕೇಳಿತ್ತು, ಯಾರದೋ ಮಗು ಓಗೊಟ್ಟಿತ್ತು. ಇಂಥ ಯೋಚನೆ ಪಾಪ ಎಂದುಕೊಂಡಳು, ಆದರೆ ತಲೆಯಿಂದ ಹೋಗಲಿಲ್ಲ. ಹಿತ್ತಲಲ್ಲಿ ವಿಲ್ಮಟ್ ಒದ್ದೆ ಹೊದಿಕೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಒಂದೊಂದು ಪೆಟ್ಟೂ ಎದೆಗೆ ಬೀಳುವಂತಿತ್ತು.

ಒಲೆ ಉರಿಯುತ್ತಿತ್ತು. ಕಿಸೆಪುಸ್ತಕ ಅಂಗೈಯಗಲದ್ದು, ಕಾಲು ಗಂಟೆಯಲ್ಲಿ ಬೂದಿಯಾಗುವಂಥದ್ದು. ಹಾಜರಿ ಪುಸ್ತಕದ ಸಾಲನ್ನು ಬ್ರೇಲಿಗೆ ಏನಾದರೂ ಹೇಳಿ ಸಂಬಾಳಿಸಬಹುದು. ನಕಲು ಮಾಡುವಾಗಿನ ಕೈತಪ್ಪು ಎಂದರೆ ಯಾರು ಅಲ್ಲವೆನ್ನುತ್ತಾರೆ? ವಿಲ್ಮಟ್‌ಗಾದರೂ ಮಗ ಎಲ್ಲೋ ಬದುಕಿದ್ದಾನೆಂಬ ಆಸೆ ಉಳಿಯುತ್ತದೆ. ಅದನ್ನು ಕಿತ್ತುಕೊಳ್ಳುವುದು ಯಾವ ಧರ್ಮ? ತಾಯಿಯ ದಿಗಿಲಿಗೆ ಬೇಕಾದಷ್ಟು ನ್ಯಾಯ ಸಿಗುತ್ತದೆ. ಟ್ಯಾಮ್ಸಿನ್‌ಗೂ ಸಿಕ್ಕಿತು. ಕಿಸೆಪುಸ್ತಕವನ್ನು ಮಡಿಲಲ್ಲಿ ಏಪ್ರನ್ನಿನಡಿ ಇಟ್ಟುಕೊಂಡು ಅವಳು ಮೇಜಿಗೆ ಹೋಗಿ ಕೂತಳು.

ವಿಲ್ಮಟ್ ಬಂದು ಎದುರಿಗೆ ಕೂತಳು. ಆ ಮೇಜಿಗೆ ಅವಳು ಕೂತದ್ದು ಅದೇ ಮೊದಲು.

"ಬರೀರಿ. ನಿಮಗೆ ಗೊತ್ತಿರೋ ದೊಡ್ಡ ದೊಡ್ಡ ಮಾತೆಲ್ಲ ಮುಂದೆ ಹಾಕಿ. ಆಮೇಲೆ ಹೀಗೆ ಬರೀರಿ. ನನ್ನ ಮಗ ಪುಕ್ಕಲ ಅಲ್ಲ. ಹನ್ನೆರಡು ವರ್ಷದ ಹುಡುಗ, ಏನೋ ಬುದ್ಧಿ ಕೆಟ್ಟು ಓಡಿದ. ಈಗ ಎಲ್ಲಿದ್ದಾನೋ ಅಲ್ಲಿಂದ ಬಂದ್ರೆ ಕಟ್ಟಿ ಹೊಡೀಬೇಡಿ."

ಟ್ಯಾಮ್ಸಿನ್ ಬರೆದಳು. 'ಈಗ ಎಲ್ಲಿದ್ದಾನೋ' ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಅವನೆಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ತಾರೀಕು ಗೊತ್ತಿತ್ತು, ಗಂಟೆ ಗೊತ್ತಿತ್ತು.

"ಮಸಿ ಮುಗೀತಾ?"

"ವಿಲ್ಮಟಕ್ಕ, ಡಿಗರಿ ಓಡಿಹೋಗಲಿಲ್ಲ."

ಹೇಳಿದವಳು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಕಿಸೆಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಓದಿದಳು. ಮೊಣಕೈ ತಿವಿದದ್ದು, ಪುಡಿಂಗು, ಕೂವೆಮರ, ಪ್ರಾರ್ಥನೆ. ವಿಲ್ಮಟ್ ತನ್ನ ಕೈಗಳನ್ನೇ ನೋಡುತ್ತಿದ್ದಳು. ನೀರಿನಲ್ಲಿ ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಕೊನೇದು ಇನ್ನೊಂದ್ಸಲ ಓದಿ."

ಓದಿದಳು.

"ಕೂಗಲೂ ಇಲ್ಲ ಅಂತ ಬರ್ದಿದ್ದಾರಾ?"

"ಹೂಂ."

"ಸಣ್ಣೋನಿದ್ದಾಗಲೂ ಬಿದ್ರೆ ಅಳ್ತಿರಲಿಲ್ಲ." ವಿಲ್ಮಟ್ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. "ಐದು ವರ್ಷ ನಾನು ಅವನನ್ನ ಬೈದೆ. ಮೀನಂಗಡೀಲಿ ನಿಂತು ಹೇಡಿ ನನ್ಮಗ ಅಂದೆ. ಜನ ಅನ್ನೋಕೆ ಮುಂಚೆ ನಾನೇ ಅಂದ್ಬಿಟ್ರೆ ಕಮ್ಮಿ ನೋಯುತ್ತೆ ಅಂತ." ಆಮೇಲೆ ತಲೆಯೆತ್ತಿದಳು. "ಮನೇಲಿರೋ ಮಗು ಹೆಸರು ಹಡಗಿನ ಪುಸ್ತಕಕ್ಕೆ ಯಾಕೆ ಹೋಯ್ತು? ಯಾರು ಬರೆಸಿದ್ದು?"

ಗಂಡ ಸತ್ತಿದ್ದ. ಸತ್ತವನ ತಲೆಗೆ ಕಟ್ಟಿದ್ದರೆ ಕೇಳುವವರಿರಲಿಲ್ಲ. ಟ್ಯಾಮ್ಸಿನ್ ಹುರಿಯ ಕಟ್ಟು ಬಿಚ್ಚಿ, ತನ್ನದೇ ದುಂಡು ಅಕ್ಷರದ ಹಾಳೆಯನ್ನು ಹುಡುಕಿ ತೆಗೆದಳು. ಓದಲು ಬಾರದ ವಿಲ್ಮಟ್‌ಗೂ ಆ ಕೈಬರಹದ ಗುರುತಿತ್ತು.

"ನಾನು ಬರೆಸಿದ್ದು. ನನ್ನ ಮಗ ನೀರಿನ ಮೇಲೆ ಇರೋ ದಿನ ಕಮ್ಮಿಯಾಗ್ಲಿ ಅಂತ."

ವಿಲ್ಮಟ್ ಎದ್ದು ನಿಂತಳು. ಹೊಡೆಯುತ್ತಾಳೆಂದು ಟ್ಯಾಮ್ಸಿನ್ ಕಾದಳು. ಹೊಡೆದಿದ್ದರೆ ಒಳ್ಳೆಯದಿತ್ತು.

"ನಿನ್ನ ಮಗನ್ನ ಕರಿ" ಎಂದಳು ವಿಲ್ಮಟ್. ಹನ್ನೊಂದು ವರ್ಷದಲ್ಲಿ ಅವಳು ಏಕವಚನ ಆಡಿರಲಿಲ್ಲ.

ಆಂಬ್ರೋಸ್ ಬಂದ. ಮಂಡಿಯವರೆಗೆ ಕೆಸರು. ವಿಲ್ಮಟ್ ಅವನ ಗದ್ದ ಹಿಡಿದೆತ್ತಿ, ಸಂತೆಯಲ್ಲಿ ಹಣ್ಣು ನೋಡುವಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹುಡುಗ ಏನೆಂದು ತಿಳಿಯದೆ ಹಲ್ಲುಬಿಟ್ಟ.

ವಿಲ್ಮಟ್ ಗದ್ದ ಬಿಟ್ಟಳು. "ಹೋಗು, ಕಾಲು ತೊಳ್ಕೋ. ನೆಗಡಿಯಾಗುತ್ತೆ."

ಅವನು ಹೋದ ಮೇಲೆ ಅವಳು ಅರ್ಧ ಬರೆದ ಅರ್ಜಿಯನ್ನು ಒಲೆಗೆ ಹಾಕಿದಳು. "ಬೇರೆ ಹಾಳೆ ತಗೋ. ಅವನು ಓಡಿಲ್ಲ ಅಂತ ಬರಿ. ಇಂಥ ದಿನ, ಇಂಥ ಗಂಟೆಗೆ, ಕೆಲಸ ಮಾಡ್ತಾ ಸತ್ತ ಅಂತ ಬರಿ. ಯಾರ ಹೆಸರಲ್ಲಿ ಸತ್ತ, ಯಾಕೆ ಸತ್ತ, ಎಲ್ಲಾ ಬರಿ. ಆ ಅಕ್ಷರ ಅಳಿಸಿ ಅಂತ ಬರಿ."

"ಬರೆದ್ರೆ ಆಂಬ್ರೋಸ್‌ದು..."

"ಗೊತ್ತು. ನಾನೇನು ಪೆದ್ದಿಯಾ?"

ಟ್ಯಾಮ್ಸಿನ್ ಬರೆದಳು. ಕೆಳಗೆ ತನ್ನ ಹೆಸರು ಹಾಕಿದಳು. ಮಧ್ಯಾಹ್ನ ಅಂಚೆಗೆ ಹಾಕುತ್ತೇನೆಂದಳು.

"ಬೇಡ, ಕೊಡು. ನಾನೇ ಹಾಕ್ತೀನಿ." ವಿಲ್ಮಟ್ ಅರಗು ಆರುವ ತನಕ ಕಾದು, ಪತ್ರವನ್ನು ಕುಪ್ಪಸದೊಳಗಿಟ್ಟು, ಮುಂಬಾಗಿಲಿನಿಂದ ಹೊರಟಳು. ಟ್ಯಾಮ್ಸಿನ್ ಕಿಟಕಿಯಲ್ಲಿ ನಿಂತು ನೋಡಿದಳು. ಅವಳು ಅಂಚೆಯ ತಿರುವು ಮುಟ್ಟುವವರೆಗೂ ಟ್ಯಾಮ್ಸಿನ್‌ಳ ಮನಸ್ಸು ಒಂದೇ ಬೇಡುತ್ತಿತ್ತು: ಗಾಳಿ ಬೀಸಲಿ, ಪತ್ರ ಜಾರಲಿ, ನದಿಗೆ ಬೀಳಲಿ. ತಾನು ಇಂಥವಳು ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ನೌಕಾಪಡೆ ಕಚೇರಿಗೆ ಹೋದ ಪತ್ರದ ವಿಷಯ ತಿಳಿಸಿ ಟ್ಯಾಮ್ಸಿನ್ ಬ್ರೇಲಿಗೂ ಬರೆದಿದ್ದಳು. ಅವನ ಉತ್ತರ ಹತ್ತು ದಿನಕ್ಕೇ ಬಂತು. 'ಒಂದು ಹಡಗಿನಲ್ಲಿ ಸತ್ತ ಹುಡುಗನನ್ನು ಇನ್ನೊಂದು ಹಡಗಿಗೆ ಹೇಗೆ ಸೇರಿಸಲಿ? ನೀವು ಯಾರನ್ನೂ ಕೇಳದೆ ಬರೆದಿರಿ.' ಬೀದಿಯ ಹೆಂಡಂದಿರು ಚಹಾಕ್ಕೆ ಕರೆಯುವುದನ್ನು ಬಿಟ್ಟರು. ಅವರ ಮಕ್ಕಳ ಹೆಸರುಗಳೂ ಯಾವ ಯಾವುದೋ ಪುಸ್ತಕಗಳಲ್ಲಿದ್ದವು. ಹ್ಯೂಗೋನ ತಾಯಿ ಚರ್ಚಿನ ಮೆಟ್ಟಿಲ ಮೇಲೆ ಎದುರಾದಾಗ, "ನಿಮ್ಮ ಮನಸ್ಸಿಗೆ ಸಮಾಧಾನ ಆಯ್ತಲ್ಲ, ಇನ್ನೇನು ಬೇಕು" ಎಂದು ಮುಖ ತಿರುಗಿಸಿದಳು. ಆಂಬ್ರೋಸ್ ಮೂರು ದಿನ ಉಣ್ಣಲಿಲ್ಲ, ಮೂರು ವಾರ ಮಾತಾಡಲಿಲ್ಲ. ಆಮೇಲೆ ಅಜ್ಜನ ಹಾಯಿ ಹೊಲಿಯುವ ಅಟ್ಟದಲ್ಲಿ ಕೆಲಸಕ್ಕೆ ಕೂತ. ಸೋಮವಾರಗಳಲ್ಲಿ ಹಿತ್ತಲ ಬಾಗಿಲು ತಟ್ಟುವವರಿರಲಿಲ್ಲ. ಟ್ಯಾಮ್ಸಿನ್ ತಾನೇ ಬೂದಿನೀರು ಕಾಯಿಸಿ ಕೈ ಸುಟ್ಟುಕೊಂಡಳು.

ಕಚೇರಿಯ ಉತ್ತರ ಬಂದದ್ದು ಸೆಪ್ಟೆಂಬರ್‌ನಲ್ಲಿ, ವಿಲ್ಮಟ್‌ಳ ವಿಳಾಸಕ್ಕೆ. ಪಾದ್ರಿ ಓದಿ ಹೇಳಿದನಂತೆ. ಮೀನಂಗಡಿಯಲ್ಲಿ ಇನ್ಯಾರೋ ಓದಿದರಂತೆ. ಅದೇ ಸಂಜೆ ವಿಲ್ಮಟ್ ಮುಂಬಾಗಿಲಿಗೆ ಬಂದಳು, ಒಳಗೆ ಬರಲಿಲ್ಲ.

"ಎಲ್ಲರೂ ಓದಿದ್ರು. ನಿನ್ನ ಬಾಯಿಂದ ಕೇಳ್ಬೇಕು."

ಟ್ಯಾಮ್ಸಿನ್ ಹೊಸ್ತಿಲಲ್ಲಿ ನಿಂತು ಓದಿದಳು. ಡಿಗರಿ ಪಿಡ್ಸ್ಲಿಯ ಹೆಸರಿನ ಮುಂದಿದ್ದ 'ಆರ್' ತೆಗೆಯಲಾಗಿದೆ. ಸೇವೆಯಲ್ಲಿದ್ದಾಗ ಮೃತಪಟ್ಟಿದ್ದಾನೆಂದು ದಾಖಲಿಸಲಾಗಿದೆ. ಅವಳ ಧ್ವನಿ ಎರಡು ಸಲ ಒಡೆಯಿತು, ಎರಡು ಸಲವೂ ವಿಲ್ಮಟ್ ಕಾದಳು. ಮುಗಿದ ಮೇಲೆ ಕಾಗದ ಕೇಳಿ ತೆಗೆದುಕೊಂಡು ಮಡಿಸಿದಳು.

"ಸೋಮವಾರ ಬರ್ತೀಯಾ ವಿಲ್ಮಟಕ್ಕ?"

ವಿಲ್ಮಟ್ ಯೋಚನೆ ಮಾಡಿದಳು. ನಿಜವಾಗಿಯೂ ಯೋಚನೆ ಮಾಡುತ್ತಿದ್ದಾಳೆಂದು ಮುಖದಲ್ಲಿ ಕಾಣುತ್ತಿತ್ತು.

"ಬರೋಕೆ ಮನಸ್ಸಿಲ್ಲ" ಎಂದಳು. "ಮಗಳು ಕರೀತಿದ್ದಾಳೆ ಎಕ್ಸೆಟರ್‌ಗೆ. ಇನ್ನು ಇಲ್ಲಿ ಯಾರಿಗೆ ಬಾಗಿಲು ತೆಗೀಬೇಕು?"